ಬೀದಿ ಕಡೆಯ ಕಿಟಕಿ

ನಮ್ಮ ಇಂಗ್ಲೆಂಡಿನಲ್ಲಿ ಅಟ್ಟವನ್ನು ಕೋಣೆ ಮಾಡಿ ಹಿತ್ತಲ ಕಡೆ ಮಾಡಿನಿಂದ ಹೊರಚಾಚುವ ಕಿಟಕಿ ಇಟ್ಟರೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಬೀದಿ ಕಡೆಗಾದರೆ ಊರಿನ ಕೌನ್ಸಿಲ್ಲಿನ ಅನುಮತಿ ಬೇಕು. ನನ್ನ ಮಗಳು ನೆಲ್‌ಗೆ ಬೀದಿಯೇ ಬೇಕಿತ್ತು. ಅರ್ಜಿ ಹಾಕಿದೆ. ಉತ್ತರ ಬರುವ ಮೊದಲೇ, ಒಂಬತ್ತು ವರ್ಷದ ಮಗು, ಮಿದುಳು ಜ್ವರ ಬಂದು ಹೋಗಿಬಿಟ್ಟಳು. ಅರ್ಜಿ ಹಿಂದಕ್ಕೆ ಪಡೆದೆ. ಮಾಡಿನ ಒಂದು ಹಂಚನ್ನೂ ಯಾರೂ ಮುಟ್ಟಲಿಲ್ಲ.

ಮಾರ್ಚ್‌ನಲ್ಲಿ ಎದುರುಮನೆಗೆ ಹೊಸದಾಗಿ ಬಂದ ಮಿಸೆಸ್ ಪಾರ್ಗಿಟರ್ ಗೇಟಿನ ಬಳಿ ನನ್ನನ್ನು ತಡೆದರು.

"ಕಿಟಕಿ ಇಟ್ಕೊಳ್ಳಿ, ನಂದೇನೂ ತಕರಾರಿಲ್ಲ. ಆದ್ರೆ ಮಬ್ಬು ಗಾಜು ಹಾಕ್ಸಿ. ನಾನು ಬಟ್ಟೆ ಬದಲಾಯ್ಸೋವಾಗೆಲ್ಲ ನಿಮ್ ಹುಡುಗಿ ಅಲ್ಲೇ ನಿಂತಿರ್ತಾಳೆ."

ತಲೆ ಎತ್ತಿ ನೋಡಿದೆ. ಬರೀ ಹಂಚು.

ಏಣಿ ಹತ್ತಿ ಅಟ್ಟದ ಕತ್ತಲಲ್ಲಿ ಮಾಡಿನ ಒಳಮೈ ತಡವಿದೆ. ಕೈ ಕೊರೆಯುವಷ್ಟು ತಣ್ಣಗಿತ್ತು. ನನ್ನ ಎದೆಯೆತ್ತರದಲ್ಲಿ ಮಾತ್ರ ಒಂದು ಕಡೆ ಬೆಚ್ಚಗೆ, ತೇವವಾಗಿ, ಆಗಷ್ಟೇ ಯಾರೋ ಉಸಿರು ಬಿಟ್ಟ ಗಾಜಿನಂತಿತ್ತು.

ಆಕೆ ದೂರು ಕೊಟ್ಟರು. ಕೌನ್ಸಿಲ್ಲಿನ ತನಿಖೆಯವನು ಬಂದು, ಬೀದಿಯಲ್ಲೇ ನಿಂತು ಅದೇನೋ ಬರೆದುಕೊಂಡ.

"ಮೊದ್ಲೇ ಕೇಳಿದ್ರೆ ಅನುಮತಿ ಸಿಕ್ತಿತ್ತಲ್ಲ ಸಾರ್."

"ಕಿಟಕೀನೇ ಇಲ್ಲ. ಒಳಗೆ ಬಂದು ನೋಡಿ."

"ಬೇಡ ಬಿಡಿ, ಇಲ್ಲಿಂದ್ಲೇ ಕಾಣ್ತಿದೆ," ಎಂದು ಮೇಲೆ ನೋಡಿ ನಕ್ಕು, ಕೈ ಬೀಸಿದ.

ಇಪ್ಪತ್ತೆಂಟು ದಿನಗಳೊಳಗೆ ಕಿಟಕಿ ಮುಚ್ಚಬೇಕೆಂದು ನೋಟೀಸು ಬಂದಿದೆ. ಇಂದಿಗೆ ಇಪ್ಪತ್ತೇಳು. ದಿನಾ ಬೆಳಿಗ್ಗೆ ಬೀದಿಯಲ್ಲಿ ನಿಂತು ಆ ಹಂಚುಗಳತ್ತ ನಾನೂ ಕೈ ಬೀಸುತ್ತೇನೆ. ದಾರಿಹೋಕರು ನನ್ನನ್ನು ನೋಡಿ, ಆಮೇಲೆ ಮೇಲೆ ನೋಡಿ, ಮುಗುಳ್ನಗುತ್ತಾರೆ. ನನಗೊಬ್ಬನಿಗೆ ಅವಳು ಕಾಣುವುದಿಲ್ಲ.