ಹನ್ನೊಂದನೇ ಧ್ವನಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಠಾಣೆಗೆ ದೂರು ತಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ದೂರು ನಾಲ್ಕು ಪುಟ ಇತ್ತು, ಕೊನೆಯಲ್ಲಿ ಅಡಿಟಿಪ್ಪಣಿಗಳೂ ಇದ್ದವು. ದಫೇದಾರ್ ತನ್ನ ಇಡೀ ನೌಕರಿಯಲ್ಲಿ ಅಡಿಟಿಪ್ಪಣಿ ಇರುವ ದೂರು ನೋಡಿರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿ ಇನ್ಸ್‌ಪೆಕ್ಟರ್ ಮುಂದೆ ಇಟ್ಟ.

ಇನ್ಸ್‌ಪೆಕ್ಟರ್ ಓದಲಿಲ್ಲ. ಅವನ ತಲೆ ಮನೆಯಲ್ಲೇ ಕೆಟ್ಟಿತ್ತು.

"ಬಾಯಲ್ಲಿ ಹೇಳಮ್ಮ. ಏನು ಕಳುವಾಗಿದೆ?"

"ಇಪ್ಪತ್ತೊಂದು ಜನರ ಧ್ವನಿ ಸಾರ್."

"ಧ್ವನಿ ಹೋದ್ರೆ ಡಾಕ್ಟರ್ ಹತ್ರ ಹೋಗ್ಬೇಕು. ಇಲ್ಲಿಗ್ಯಾಕೆ ಬಂದೆ?"

ಹುಡುಗಿಯ ಮುಖ ಕೆಂಪಾಯಿತು. ಅಳುತ್ತಾಳೆ ಅಂದುಕೊಂಡರೆ ರೇಗಿದಳು. "ತಮಾಷೆ ಮಾಡ್ಬೇಡಿ ಸಾರ್. ಒಂದು ವಾರ ಇದೆ ನನಗೆ."

ದಫೇದಾರ್ ನೀರು ಕೊಟ್ಟ. ಅವಳು ನಿಂತೇ ಹೇಳಿದಳು. ಬಿ.ಎ. ನಾಲ್ಕನೇ ವರ್ಷ, ಇತಿಹಾಸ ಆನರ್ಸ್. ಮೂರು ವರ್ಷಕ್ಕೆ ಪದವಿ ಹಿಡಿದು ಹೋಗುವವರು ಹೋಗುತ್ತಾರೆ. ಉಳಿದವರು ಒಂದು ವರ್ಷ ಕೂತು ತಮ್ಮದೇ ಒಂದು ಸಂಶೋಧನೆ ಮಾಡಬೇಕು. ಅವಳದು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಕುರಿತದ್ದು. ಆ ವಿಭಾಗ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅಲ್ಲಿ ದುಡಿದ ಇಪ್ಪತ್ತೊಂದು ಮುದುಕಿಯರನ್ನು ಹುಡುಕಿ, ಮಾತಾಡಿಸಿ, ರೆಕಾರ್ಡ್ ಮಾಡಿದ್ದಳು. ಎಲ್ಲವೂ ಒಂದೇ ರೆಕಾರ್ಡರಿನಲ್ಲಿ ಇತ್ತು. ಆ ರೆಕಾರ್ಡರ್ ಬ್ಯಾಗಿನ ಸಮೇತ ಹೋಗಿತ್ತು.

"ಕಾಪಿ ಇಲ್ವಾ?"

"ನಮ್ಮ ವಿಭಾಗದ ನಿಯಮ ಸಾರ್. ಮಾತಾಡಿದವರ ಗುಟ್ಟು ಹೊರಗೆ ಹೋಗಬಾರದು. ಅದಕ್ಕೇ ಧ್ವನಿ ಒಂದೇ ಯಂತ್ರದಲ್ಲಿರಬೇಕು. ಹೆಸರು ಇರಬಾರದು, ನಂಬರ್ ಮಾತ್ರ."

"ಒಳ್ಳೇ ನಿಯಮ. ಕಳ್ಳನಿಗೆ ಬಹಳ ಅನುಕೂಲ."

"ಮುಂದಿನ ಸೋಮವಾರ ಸಲ್ಲಿಸ್ಬೇಕು. ಹೊರಗಿನ ಪರೀಕ್ಷಕರು ಧ್ವನಿ ಕೇಳ್ತಾರೆ. ಇಲ್ದಿದ್ರೆ ನಾನೇ ಕೂತು ಕತೆ ಕಟ್ಟಿದೀನಿ ಅಂದ್ಕೋತಾರೆ. ವರ್ಷ ಹೋಗುತ್ತೆ. ಇನ್ನೊಂದು ವರ್ಷ ಅಪ್ಪ ಬಿಡಲ್ಲ. ಈ ವರ್ಷಕ್ಕೇ ಮನೆಯಲ್ಲಿ ಮೂರು ತಿಂಗಳು ಮಾತು ಬಿಟ್ಟಿದ್ರು."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಎದ್ದು ಕಿಟಕಿಯ ಹತ್ತಿರ ಹೋದ. ಅವನ ಮಗಳೂ ಅವತ್ತು ಬೆಳಿಗ್ಗೆ ಇದನ್ನೇ ತೆಗೆದಿದ್ದಳು. ಮೂರು ವರ್ಷಕ್ಕೆ ಪದವಿ ಸಿಕ್ಕ ಮೇಲೆ ನಾಲ್ಕನೇದು ಯಾವ ಸುಖಕ್ಕೆ ಎಂದು ಕೂಗಾಡಿ, ತಿಂಡಿ ಬಿಟ್ಟು ಬಂದಿದ್ದ. ಅವನು ಕಿಟಕಿಯಲ್ಲಿ ನಿಂತಿದ್ದಾಗಲೇ ಜೇಬಿನ ಫೋನ್ ಬಡಿದುಕೊಂಡಿತು. ಮಗಳದೇ. ಕಟ್ ಮಾಡಿದ.

"ನಿನಗೆ ಶತ್ರುಗಳು ಯಾರಿದ್ದಾರಮ್ಮ?"

"ಯಾರೂ ಇಲ್ಲ."

"ಎಲ್ಲರಿಗೂ ಒಬ್ಬರಾದ್ರೂ ಇರ್ತಾರೆ. ಯೋಚನೆ ಮಾಡು."

ಹುಡುಗಿ ಯೋಚಿಸಿ, ಮನಸ್ಸಿಲ್ಲದೆ ಒಬ್ಬನನ್ನು ಹೇಳಿದಳು. ಜೊತೆಯ ಆನರ್ಸ್ ಹುಡುಗ, ದಪ್ಪ ಕನ್ನಡಕದವನು. ಅವನಿಗೂ ಇದೇ ವಿಷಯ ಬೇಕಿತ್ತು, ಸಿಗಲಿಲ್ಲ. ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಅಪರಿಚಿತ ಎಂದು ಬರೆದರು.

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಆನರ್ಸ್‌ನವರಿಗೆಂದು ಗ್ರಂಥಾಲಯದ ಎರಡನೇ ಮಹಡಿಯಲ್ಲಿ ಸಣ್ಣ ಕೋಣೆಗಳಿವೆ. ಒಂದು ಮೇಜು, ಒಂದು ಕುರ್ಚಿ, ಬಾಗಿಲಿಗೆ ಬೀಗ. ಮೊಣಕೈ ಚಾಚಿದರೆ ಗೋಡೆ. ಹುಡುಗಿ ಶನಿವಾರ ಸಂಜೆ ಬೀಗ ಹಾಕಿ ಹೋಗಿದ್ದಳು, ಸೋಮವಾರ ಬೆಳಿಗ್ಗೆ ಬಂದಾಗ ಬ್ಯಾಗ್ ಇರಲಿಲ್ಲ. ಬೀಗ ಹಾಗೇ ಇತ್ತು. ಮೇಜಿನ ಮೇಲೆ ಲ್ಯಾಪ್‌ಟಾಪೂ ಹಾಗೇ ಇತ್ತು.

"ಲ್ಯಾಪ್‌ಟಾಪ್ ಬಿಟ್ಟು ಹಳೇ ಬ್ಯಾಗ್ ಹೊತ್ಕೊಂಡು ಹೋಗಿದ್ದಾನೆ," ದಫೇದಾರ್ ಅಂದ. "ಕಳ್ಳನಿಗೂ ಆನರ್ಸ್ ಆಗಿರ್ಬೇಕು ಸಾರ್."

ಬ್ಯಾಗಿನಲ್ಲಿ ರೆಕಾರ್ಡರ್ ಜೊತೆ ಗ್ರಂಥಾಲಯದ ಮೂರು ಪುಸ್ತಕಗಳಿದ್ದವು. ಇನ್ನೊಂದು ಬೀಗದಕೈ ಕೆಳಗಿನ ಕೌಂಟರಿನಲ್ಲಿರುತ್ತದೆ ಎಂದು ಹುಡುಗಿ ಹೇಳಿದಳು. ಕೀಲಿ ಮರೆತ ವಿದ್ಯಾರ್ಥಿಗಳೆಲ್ಲ ಅದನ್ನು ಈಸಿಕೊಳ್ಳುತ್ತಾರಂತೆ. ಹಾಗಾದರೆ ಯಾರು ಬೇಕಾದರೂ ತೆಗೆಯಬಹುದಿತ್ತು.

ಕೌಂಟರಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕೂತಿದ್ದಳು. ಇನ್ಸ್‌ಪೆಕ್ಟರ್ ಮೆಟ್ಟಿಲಿಳಿಯುತ್ತ ದಫೇದಾರನಿಗೆ ಜೋರಾಗಿ ಏನೋ ಹೇಳಿದ. ಆಕೆ ತಲೆ ಎತ್ತದೆ ತುಟಿಯ ಮೇಲೆ ಬೆರಳಿಟ್ಟು "ಶ್ಶ್" ಅಂದಳು. ಎತ್ತಿ ನೋಡಿದಾಗ ಖಾಕಿ ಕಂಡಿತು. ಬೆರಳನ್ನು ಆಗಲೂ ಇಳಿಸಲಿಲ್ಲ.

"ಎಲ್ಲರಿಗೂ ಹಾಗೇ," ಹುಡುಗಿ ಪಿಸುಗುಟ್ಟಿದಳು. "ನಾವು ಶ್ಶ್ ಅಕ್ಕ ಅಂತೀವಿ. ಕುಲಪತಿಗಳಿಗೂ ಅಂದಿದ್ದಾರೆ."

ಬುಧವಾರ ಕನ್ನಡಕದ ಹುಡುಗ ಸಿಕ್ಕಿಬಿದ್ದ. ಮಹಿಳಾ ಕಾನ್‌ಸ್ಟೇಬಲ್ ಗ್ರಂಥಾಲಯದಲ್ಲಿ ಅವನ ಕೋಣೆಗೆ ಹೋದಾಗ, ಕಳುವಾದ ಮೂರು ಪುಸ್ತಕಗಳಲ್ಲಿ ಒಂದು ಅವನ ಮೇಜಿನ ಮೇಲೇ ಬಿದ್ದಿತ್ತು. ಇನ್ಸ್‌ಪೆಕ್ಟರ್‌ಗೆ ಹೊಟ್ಟೆ ತಣ್ಣಗಾಯಿತು. ಹುಡುಗನನ್ನು ಠಾಣೆಗೆ ಕರೆಸಿ ಎದುರು ನಿಲ್ಲಿಸಿಕೊಂಡ.

"ರೆಕಾರ್ಡರ್ ಎಲ್ಲಿ?"

"ಯಾವ ರೆಕಾರ್ಡರ್ ಸಾರ್?"

"ಪುಸ್ತಕ ಎಲ್ಲಿಂದ ಬಂತು? ರೆಕ್ಕೆ ಬಂದು ಹಾರಿ ಬಂತಾ?"

"ಶೆಲ್ಫಲ್ಲಿತ್ತು ಸಾರ್. ನಾನು ಅದಕ್ಕೆ ಒಂದು ತಿಂಗಳಿಂದ ಕಾಯ್ತಿದ್ದೆ. ದಿನಾ ಹೋಗಿ ನೋಡ್ತಿದ್ದೆ. ಸೋಮವಾರ ಸಂಜೆ ಅದರ ಜಾಗದಲ್ಲೇ ಇತ್ತು. ಕೌಂಟರಿಗೆ ತಗೊಂಡು ಹೋದ್ರೆ ಎಲ್ಲಿ ಕಿತ್ಕೋತಾರೋ ಅಂತ ಹಾಗೇ ಮೇಲೆ ತಗೊಂಡು ಹೋದೆ."

"ಸುಳ್ಳು!"

"ಸಾರ್, ನಮಗೆ ಅದಕ್ಕಿಂತ ದೊಡ್ಡ ಕಳ್ಳತನ ಬರಲ್ಲ." ಹುಡುಗ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. ಒರೆಸಿದ ಮೇಲೆ ಮತ್ತೆ ಹಾಕಿಕೊಳ್ಳುವುದನ್ನೇ ಮರೆತ.

ಇನ್ಸ್‌ಪೆಕ್ಟರ್ ಮೇಜು ಗುದ್ದಿದ. ಎರಡು ಗಂಟೆ ಕೂಗಾಡಿದ. ಹುಡುಗ ಒಂದೇ ಮಾತು ಹೇಳಿದ. ಕೊನೆಗೆ ಕಳಿಸಬೇಕಾಯಿತು. ಅವನು ಹೋದ ಮೇಲೆ ಇನ್ಸ್‌ಪೆಕ್ಟರ್ ಕೋಣೆಯ ಉದ್ದಕ್ಕೂ ಓಡಾಡಿದ. ಫೋನ್ ಮತ್ತೆ ಬಡಿದುಕೊಂಡಿತು. ಮಗಳು. ಮತ್ತೆ ಕಟ್ ಮಾಡಿದ.

"ಸಾರ್," ದಫೇದಾರ್ ಅಂದ, "ಹುಡುಗ ಹೇಳಿದ್ದು ನಿಜ ಅಂತಲೇ ಇಟ್ಕೊಳ್ಳಿ. ಕದ್ದವನು ಪುಸ್ತಕಾನ ವಾಪಸ್ ಇಟ್ಟಿದ್ದಾನೆ. ಯಾಕೆ?"

ಗುರುವಾರ ಬೆಳಿಗ್ಗೆ ಇಬ್ಬರೂ ಗ್ರಂಥಾಲಯಕ್ಕೆ ಹೋದರು. ಉಳಿದ ಎರಡು ಪುಸ್ತಕಗಳನ್ನು ಹುಡುಕಿಕೊಡಲು ಗ್ರಂಥಪಾಲಕನಿಗೆ ಹೇಳಿದರು. ಕಂಪ್ಯೂಟರಿನಲ್ಲಿ ಎರಡೂ ಹುಡುಗಿಯ ಹೆಸರಿನಲ್ಲೇ ಇವೆ, ವಾಪಸ್ಸಾಗಿಲ್ಲ ಎಂದು ಅವನು ವಾದಿಸಿದ. ಇನ್ಸ್‌ಪೆಕ್ಟರ್ ಕಣ್ಣು ಬಿಟ್ಟ ಮೇಲೆ ಎದ್ದು ಹೋದ. ಒಂದು ಪುಸ್ತಕ ಉತ್ತರದ ಗೋಡೆಯ ಸಾಲಿನಲ್ಲಿತ್ತು. ಇನ್ನೊಂದು ಮೆಟ್ಟಿಲ ಪಕ್ಕದ ಸಾಲಿನಲ್ಲಿ. ಒಂದರಿಂದ ಒಂದು ಅಷ್ಟು ದೂರ. ಎರಡೂ ತಮ್ಮ ತಮ್ಮ ನಂಬರಿನ ಜಾಗದಲ್ಲೇ, ಬೆನ್ನು ಸಾಲಿಗೆ ಸರಿಯಾಗಿ, ನೆಟ್ಟಗೆ ನಿಂತಿದ್ದವು.

ಪ್ರತಿ ಕಂಬದ ಮೇಲೂ ಒಂದು ಸೂಚನೆ ಅಂಟಿಸಿತ್ತು. ಓದಿದ ಪುಸ್ತಕವನ್ನು ಶೆಲ್ಫಿಗೆ ಹಾಕಬೇಡಿ, ಮೇಜಿನ ಮೇಲೆ ಬಿಡಿ.

"ಯಾಕ್ರೀ ಇದು?"

"ವಿದ್ಯಾರ್ಥಿಗಳು ಇಟ್ರೆ ತಪ್ಪು ಜಾಗಕ್ಕೆ ಇಡ್ತಾರೆ ಸಾರ್. ಆಮೇಲೆ ವರ್ಷಗಟ್ಟಲೆ ಸಿಗಲ್ಲ."

"ಹಾಗಾದ್ರೆ ಶೆಲ್ಫಿಗೆ ಇಡೋರು ಯಾರು?"

"ನಾವೇ. ಸಿಬ್ಬಂದಿ."

ಗ್ರಂಥಪಾಲಕ ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ಅರ್ಥವಾಯಿತು.

ಇನ್ಸ್‌ಪೆಕ್ಟರ್ ಹುಡುಗಿಯನ್ನು ಹೊರಗೆ ಜಗಲಿಗೆ ಕರೆಸಿದ. ಸೋಮವಾರಕ್ಕಿಂತ ಅರ್ಧ ಆಗಿದ್ದಳು. ಕಣ್ಣ ಕೆಳಗೆ ಕಪ್ಪು.

"ನಾನು ಸೋಮವಾರ ತಪ್ಪು ಪ್ರಶ್ನೆ ಕೇಳ್ದೆ. ಈಗ ಬೇರೆ ಕೇಳ್ತೀನಿ. ಆ ರೆಕಾರ್ಡರ್ ಯಾರಿಗೆ ಬೇಕಿತ್ತು?"

"ಯಾರಿಗೆ ಬೇಕು ಸಾರ್ ಅದು..." ಎಂದವಳು ನಿಲ್ಲಿಸಿದಳು. "ಶ್ಶ್ ಅಕ್ಕ ಕೇಳಿದ್ರು. ಎರಡು ಸಲ. ಪ್ರೊಫೆಸರ್ ಕೇಳಿಸಬಾರದು ಅಂದ್ರು. ಹನ್ನೊಂದನೇ ನಂಬರ್ ಅವರ ಅಮ್ಮ. ನಾನು ಮಾತಾಡಿಸಿದ ಎರಡು ತಿಂಗಳಿಗೆ ತೀರಿಕೊಂಡ್ರು."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಶತ್ರು ಯಾರು ಅಂತ ಕೇಳಿದ್ರಿ. ಅವರು ಶತ್ರು ಅಲ್ವಲ್ಲ ಸಾರ್. ನಂಗೆ ಪೆನ್ ಇಲ್ದಿದ್ರೆ ಪೆನ್ ಕೊಡೋರು."

ಇನ್ಸ್‌ಪೆಕ್ಟರ್‌ಗೆ ಬೈಯಲು ಏನೂ ಸಿಗಲಿಲ್ಲ. ಅದರಿಂದ ಇನ್ನೂ ಸಿಟ್ಟು ಬಂತು. ಆ ಸಿಟ್ಟನ್ನು ಹೊತ್ತುಕೊಂಡು ಹುಡುಗಿಯ ಮಾರ್ಗದರ್ಶಕ ಪ್ರೊಫೆಸರನ ಕೋಣೆಗೆ ಹೋದ.

"ಆಕೆಗೆ ಕೇಳಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನಿಯಮ ಇದೆ. ಕೇಳಿಸಬಾರದು."

"ಆಕೆಯ ತಾಯಿ ಕಣ್ರೀ."

"ತಾಯಿ ಒಪ್ಪಿಗೆ ಕೊಟ್ಟದ್ದು ಸಂಶೋಧನೆಗೆ," ಪ್ರೊಫೆಸರ್ ತಾಳ್ಮೆಯಿಂದ ಅಂದ. "ಮಗಳಿಗಲ್ಲ. ಮಗಳ ಬಗ್ಗೆಯೇ ಏನಾದರೂ ಹೇಳಿದ್ದರೆ?"

ಮಾತಿನಲ್ಲಿ ತಪ್ಪಿರಲಿಲ್ಲ. ಇನ್ಸ್‌ಪೆಕ್ಟರ್ ಬಾಗಿಲು ಬಡಿದು ಹೊರಬಂದ.

ಶುಕ್ರವಾರ ಮಧ್ಯಾಹ್ನ ಕೌಂಟರಿನಲ್ಲಿ ಬೇರೆಯವರು ಕೂತಿದ್ದರು. ಮೊದಲೆಲ್ಲ ಸಹೋದ್ಯೋಗಿಗಳ ಜೊತೆ ಊಟಕ್ಕೆ ಕೂರುತ್ತಿದ್ದ ಶ್ಶ್ ಅಕ್ಕ ಈ ವಾರ ದಿನಾ ಮನೆಗೆ ಓಡುತ್ತಾಳೆಂದು ಅವರು ಹೇಳಿದರು. ಮನೆ ಎರಡು ಬೀದಿ ಆಚೆ, ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಬಾಗಿಲು ಮುಂದಕ್ಕೆ ಮಾಡಿತ್ತು ಅಷ್ಟೇ. ಮಹಿಳಾ ಕಾನ್‌ಸ್ಟೇಬಲ್ ತಳ್ಳಿದಳು.

ಆಕೆ ಒಳಕೋಣೆಯ ಮಂಚದ ಮೇಲೆ ಕೂತಿದ್ದಳು. ಹಾಸಿಗೆ ಸುತ್ತಿ ಇಟ್ಟಿದ್ದ, ಯಾರೂ ಮಲಗದ ಮಂಚ. ಕಿವಿಗೆ ಇಯರ್‌ಫೋನ್, ಮಡಿಲಲ್ಲಿ ರೆಕಾರ್ಡರ್. ಮುಚ್ಚಳ ತೆಗೆಯದ ಊಟದ ಡಬ್ಬಿ ಪಕ್ಕದಲ್ಲಿತ್ತು. ಬೂಟಿನ ಸದ್ದಿಗೆ ಕಣ್ಣು ಬಿಟ್ಟವಳು ಇನ್ಸ್‌ಪೆಕ್ಟರ್‌ನನ್ನು ನೋಡಿ, ತುಟಿಗೆ ಬೆರಳಿಟ್ಟಳು.

"ಶ್ಶ್."

ಇನ್ಸ್‌ಪೆಕ್ಟರ್ ನಿಂತ. ಯಾಕೆ ನಿಂತನೋ ಅವನಿಗೇ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಕೆಯೇ ಗುಂಡಿ ಒತ್ತಿ ನಿಲ್ಲಿಸಿ, ಇಯರ್‌ಫೋನ್ ತೆಗೆದಳು.

"ತಗೊಂಡಿದ್ದು ನಾನೇ. ಆ ಹುಡುಗನ್ನ ಕರ್ಕೊಂಡು ಹೋದ್ರಂತಲ್ಲ, ಪಾಪ. ನಾಳೆ ನಾನೇ ಬರ್ಬೇಕು ಅಂತಿದ್ದೆ."

"ಯಾವಾಗ ತಗೊಂಡ್ರಿ?"

"ಭಾನುವಾರ ಅರ್ಧ ದಿನ ಡ್ಯೂಟಿ ಇತ್ತು. ಕೀಲಿ ನನ್ನ ಕೈಯಲ್ಲೇ ಇರುತ್ತೆ. ಬ್ಯಾಗ್ ಎತ್ಕೊಂಡು ಬಂದೆ. ಮನೇಲಿ ಬಿಚ್ಚಿದ್ರೆ ಪುಸ್ತಕ! ಲೈಬ್ರರಿ ಪುಸ್ತಕ ಹೇಗೆ ಮನೇಲಿ ಇಟ್ಕೊಳ್ಳೋದು ಸಾರ್? ಸೋಮವಾರ ತಗೊಂಡು ಹೋಗಿ ಜಾಗಕ್ಕೆ ಇಟ್ಟೆ."

"ಭಾನುವಾರ ತಂದಿದ್ದು. ಇವತ್ತು ಶುಕ್ರವಾರ. ಕೇಳಿ ವಾಪಸ್ ಇಡಬಹುದಿತ್ತಲ್ಲ? ಆ ಹುಡುಗಿ ವರ್ಷ ಹೋಗುತ್ತೆ ಅಂತ ಹುಚ್ಚಿ ಥರ ಆಗಿದ್ದಾಳೆ."

"ಗೊತ್ತು. ದಿನಾ ಎದುರಿಗೇ ಓಡಾಡ್ತಾಳೆ." ಆಕೆ ರೆಕಾರ್ಡರನ್ನು ಸೆರಗಿನಿಂದ ಒರೆಸಿದಳು. "ಮೂರು ಗಂಟೆ ಇದೆ ಸಾರ್. ನನ್ನ ಹತ್ರ ಅಮ್ಮ ಒಟ್ಟಿಗೆ ಮೂರು ನಿಮಿಷ ಮಾತಾಡಿದ್ದಿಲ್ಲ. ಊಟ ಆಯ್ತಾ, ದೀಪ ಆರಿಸು, ಅಷ್ಟೇ. ಸ್ವಲ್ಪ ಸ್ವಲ್ಪ ಕೇಳ್ತಿದ್ದೆ. ಒಂದೇ ಸಲ ಕೇಳಿದ್ರೆ ಮುಗಿದೋಗುತ್ತಲ್ಲ."

ಜಪ್ತಿ ಪಂಚನಾಮೆಗೆ ಕೆಳಗಿನ ದರ್ಜಿಯನ್ನೂ ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನೂ ಕರೆದರು. ವಸ್ತು ಗುರುತಿಸಲು ಹುಡುಗಿಯನ್ನು ಕರೆಸಿದರು. ಅವಳು ಮೆಟ್ಟಿಲು ಹತ್ತಿ ಬಂದವಳೇ ರೆಕಾರ್ಡರ್ ನೋಡಿ ಉಸಿರು ಬಿಟ್ಟಳು. ಆಮೇಲೆ ಮಂಚದ ಮೇಲೆ ಕೂತವಳನ್ನು ನೋಡಿದಳು.

"ಅಳಿಸಿದ್ದೀರಾ ಅಕ್ಕ?"

"ನನಗೆ ಅಳಿಸೋಕೆ ಬರಲ್ಲ ಕಣೆ."

"ಚಾಲೂ ಇದೆಯಾ ಅಂತ ಪಂಚರ ಎದುರು ನೋಡ್ಬೇಕಲ್ಲ ಸಾರ್," ದಫೇದಾರ್ ಅಂದ. "ಒಂಚೂರು ಹಾಕಿ ಕೇಳಿಸಿದ್ರೆ ಸಾಕು."

"ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಹಾಕು," ಇನ್ಸ್‌ಪೆಕ್ಟರ್ ಅಂದ. "ಪೂರ್ತಿ."

ದಫೇದಾರ್ ಅವನ ಮುಖ ನೋಡಿ, ಇಯರ್‌ಫೋನ್ ಕಿತ್ತು, ಗುಂಡಿ ಒತ್ತಿದ.

ಮುದುಕಿಯ ಧ್ವನಿ ಗಟ್ಟಿಯಾಗಿತ್ತು. ಕುದಿಯುವ ನೀರಿನ ತೊಟ್ಟಿ, ಸೋಡದಲ್ಲಿ ಬೆಂದ ಬೆರಳು, ಮಕ್ಕಳ ವಾರ್ಡಿನ ಸಣ್ಣ ಚಾದರಗಳು. ಆ ಚಾದರಗಳನ್ನು ಯಾರೂ ಮಾತಾಡದೆ ಒಗೆಯುತ್ತಿದ್ದರಂತೆ. ಮೇಷ್ಟ್ರು ನೆಲ ನೋಡುತ್ತ ಕೂತರು. ದರ್ಜಿ ಅಂಗಡಿಗೆ ಹೋಗಬೇಕೆಂದವನು ಹೋಗಲಿಲ್ಲ.

"ನನ್ನ ಮಗಳು ಚಿಕ್ಕೋಳು ಆಗ," ಧ್ವನಿ ಹೇಳಿತು. "ಕೆಲಸ ಮುಗಿಸಿ ಬಂದು ಅವಳ ಪುಸ್ತಕ ಎತ್ತಿಡೋಕೆ ಹೋದೆ. ಮುಟ್ಬೇಡಮ್ಮ, ಕೈ ಒದ್ದೆ ಅಂದ್ಲು. ಅವತ್ತೇ ಗೊತ್ತಾಯ್ತು ನಂಗೆ, ಇವಳು ಓದೋಳು, ತೊಟ್ಟಿ ಹತ್ರ ಬರಲ್ಲ ಅಂತ. ಎಷ್ಟು ಖುಷಿ ಆಯ್ತು ಗೊತ್ತಾ."

ಮಂಚದ ಮೇಲಿನವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ಮಗಳಿಗೆ ಇದನ್ನೆಲ್ಲ ಹೇಳಿದ್ದೀರಾ ಅಜ್ಜಿ?" ಹುಡುಗಿಯ ಧ್ವನಿ.

ಮುದುಕಿ ನಕ್ಕಳು. "ಅವಳು ಕೇಳಿದ್ರೆ ತಾನೆ. ನೀನು ಕೇಳ್ದೆ, ಹೇಳ್ದೆ. ಇಷ್ಟು ಸಾಕಾ ಮಗಾ, ಇನ್ನೂ ಬೇಕಾ?"

"ಸಾಕು ಅಜ್ಜಿ."

ಕುರ್ಚಿ ಎಳೆದ ಸದ್ದು. ಮುಗಿಯಿತು.

ಆಕೆ ತಲೆ ಎತ್ತಿ ಹುಡುಗಿಯನ್ನು ನೋಡಿದಳು. ಸಿಟ್ಟಿರಲಿಲ್ಲ, ಕೇಳಲೇಬೇಕಿತ್ತು.

"ಸಾಕು ಅಂತ ಯಾಕಂದ್ಯೇ?"

ಐದು ದಿನದಿಂದ ಎಲ್ಲಿಯೂ ಕೂರದ ಹುಡುಗಿ ಹೋಗಿ ಅದೇ ಮಂಚದ ತುದಿಯಲ್ಲಿ ಕೂತಳು.

ಮೂರೂವರೆಗೆ ಆಕೆಯನ್ನು ಬಂಧಿಸಿ ಠಾಣೆಗೆ ತಂದರು. ಸಂಜೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದಾಗ ಜಾಮೀನು ಸಿಕ್ಕಿತು. ಗ್ರಂಥಪಾಲಕನೇ ಬಂದು ಹೊಣೆ ನಿಂತ. ಶನಿವಾರ ಇನ್ಸ್‌ಪೆಕ್ಟರ್ ತಾನೇ ನ್ಯಾಯಾಲಯದಲ್ಲಿ ಕಾದು ಕೂತು ರೆಕಾರ್ಡರನ್ನು ಹುಡುಗಿಗೆ ಬಿಡಿಸಿಕೊಟ್ಟ. ಸೋಮವಾರ ಅವಳು ಸಲ್ಲಿಸಿದಳು ಎಂದು ದಫೇದಾರ್ ಸುದ್ದಿ ತಂದ.

ಕೇಸ್ ಡೈರಿಯಲ್ಲಿ ಇನ್ಸ್‌ಪೆಕ್ಟರ್ ಹೀಗೆ ಬರೆದ: ಆರೋಪಿಗೆ ಲಾಭದ ಉದ್ದೇಶ ಇರಲಿಲ್ಲ. ತೀರಿಕೊಂಡ ತಾಯಿ ಹೊರಗಿನ ಹುಡುಗಿಯ ಜೊತೆ ಅಷ್ಟು ಹೊತ್ತು ಏನು ಮಾತಾಡಿದಳೆಂದು ತಿಳಿಯುವ ಆಸೆ ಇತ್ತು.

ಬರೆದ ಮೇಲೂ ಅವನಿಗೆ ಕೂರಲು ಆಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ಬಂದ. ಮತ್ತೆ ಹೋದ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮಗಳು.

ಈ ಸಲ ಎತ್ತಿ, "ಹೇಳು ಮಗಾ," ಅಂದ.