ಸೋಮವಾರದ ಎದೆಬಡಿತ

ದೇವರು ಜೊತೆಗಿದ್ದವರನ್ನು ಕರೆದುಕೊಂಡ ಮೇಲೆ ಉಳಿದವರ ತಟ್ಟೆಯ ಅನ್ನ ಬೇಗ ಆರುತ್ತದೆ. ಗಂಡ ಹೋದ ಮೇಲೆ ಅನುಸೂಯ ಹಿರಿಯೂರಿನ ಮೆಡಿಕಲ್ ಅಂಗಡಿಯಲ್ಲಿ ಒಬ್ಬಳೇ ಕೂರುತ್ತಿದ್ದಳು. ಬಂದವರು ಔಷಧ ಕೇಳಿ ಹೋಗುವವರು. "ಉಂಡ್ರಾ ಮೇಡಂ?" ಎಂದು ಕೇಳುತ್ತಿದ್ದವನು ಮಾರಿಕಣಿವೆ ಕಡೆ ಕುರಿ ಸಾಕುವ ಕಾಟಲಿಂಗಪ್ಪ ಮಾತ್ರ. ಅವನಿಗೂ ಮನೆಯಲ್ಲಿ ಯಾರೂ ಇರಲಿಲ್ಲ. "ಆತು" ಎಂದು ಅವಳು ಸುಳ್ಳು ಹೇಳುತ್ತಿದ್ದಳು.

ಉಣ್ಣೆಯ ಧೂಳಿಗೆ ಅವನ ಉಸಿರು ಕಟ್ಟುತ್ತಿತ್ತು. ಉಬ್ಬಸಕ್ಕೆ ಬಾಯಲ್ಲಿಟ್ಟು ಎಳೆಯುವ ಸಾಲ್ಬುಟಮಾಲ್ ಪಂಪನ್ನು ಬಳಸುವುದನ್ನು ಅವಳೇ ಕಲಿಸಿದ್ದಳು. "ಎಳಕಂಡು ಉಸಿರು ಹಿಡೀರಿ" ಎಂದು ತೋರಿಸಲು ತಾನೂ ಹಿಡಿದಿದ್ದಳು. ಒಬ್ಬರನ್ನೊಬ್ಬರು ನೋಡುತ್ತ ನಿಂತು, ತಡೆಯಲಾರದೆ ಇಬ್ಬರೂ ನಕ್ಕಿದ್ದರು.

ಶ್ರಾವಣದ ಒಂದು ಸಂಜೆ ಅವನು ಬಂದು ಪಂಪನ್ನು ಕೌಂಟರಿನ ಗಾಜಿನ ಮೇಲಿಟ್ಟ. ಬೆರಳು ಸಣ್ಣಗೆ ನಡುಗುತ್ತಿದ್ದವು.

"ಇದು ನಂಗಾಗಲ್ಲ ಮೇಡಂ. ಎದಿ ಡವಡವ ಅಂತೈತೆ. ದುರ್ಗದ ಆಸ್ಪತ್ರೆಯಾಗೆ ತೋರಿಸ್ಕಂಡು, ಇನ್ಮೇಲೆ ಅಲ್ಲೇ ಬ್ಯಾರೆ ಔಷ್ದಿ ತಗಂತೀನಿ."

ಹಾಗಾದರೆ ಇನ್ನು ಇವನೂ ಬರುವುದಿಲ್ಲ. ಅನುಸೂಯ ಪಂಪನ್ನು ಗಾಜಿನ ಮೇಲೆಯೇ ಅವನ ಕಡೆಗೆ ಸರಿಸಿದಳು.

"ಅದು ಔಷ್ದಿ ಗುಣ ಕಣ್ರಿ. ಬಿಗಿದಿರೋ ಉಸಿರಿನ ಕೊಳವೆ ಸಡಿಲ ಮಾಡ್ತೈತೆ. ಹಂಗೇ ಎದಿನೂ ಒಂದೀಟು ಜೋರು ಬಡಿಸ್ತೈತೆ, ಕೈ ನಡುಗಿಸ್ತೈತೆ. ನಾಕಾರು ತಾಸಿಗೆ ತಾನೇ ಇಳೀತೈತೆ. ಯಾವಾಗ ಎಳಕಂಡ್ರಿ?"

"ನಿನ್ನೆ ಸಂಜಿಕೆ."

"ಇವತ್ತು?"

"ಸೋಮವಾರ ಅಲ್ವೇನ್ರಿ? ಉಪವಾಸ. ಗುಡಿಯಾಗೆ ಮಲ್ಲೇಶ್ವರಂಗೆ ಕಾಯಿ ಒಡೆಸೋಗಂಟ ಬಾಯಿಗೆ ಏನೂ ಮುಟ್ಟಿಸಲ್ಲ, ಪಂಪೂ ಇಲ್ಲ."

"ಚೆನ್ನಾಗೈತೆ! ಉಸಿರು ಕಟ್ಟಿದ್ರೂ ಸುಮ್ನಿರು ಅಂತ ಶಿವ ಹೇಳ್ಯಾನಾ?"

"ಇವತ್ತು ಕಟ್ಟಿಲ್ಲ ಬಿಡ್ರಿ. ಉಸಿರು ಸರಾಗ ಐತೆ."

ಅನುಸೂಯ ಮತ್ತೇನೋ ಗದರಲು ಹೋಗಿ ತಡೆದಳು. ನಿನ್ನೆಯ ಔಷಧ ಯಾವಾಗಲೋ ಇಳಿದಿರಬೇಕು. ಅವಳ ಕಣ್ಣು ಅವನ ಬೆರಳುಗಳ ಮೇಲೆ ನಿಂತಿತು. ಅವನು ಕೈಯನ್ನು ಮೆಲ್ಲನೆ ಹೊದ್ದಿದ್ದ ಕಂಬಳಿಯೊಳಗೆ ಎಳೆದುಕೊಂಡ.

"ಕುರಿ ಹಟ್ಟಿಯಾಗೂ ಎದಿ ಹಿಂಗೇ ಬಡೀತೈತಾ?"

"ಇಲ್ಲ. ನಿಮ್ಮಂಗ್ಡಿ ಮೆಟ್ಲು ಹತ್ತುವಾಗ."

"ಇರೋದು ಒಂದೇ ಮೆಟ್ಲಲ್ರೀ!"

"ಹೂಂ. ಒಂದೇ."

ಹೇಳಿದವನು ತಲೆ ತಗ್ಗಿಸಿದ. ಹೊರಗೆ ಬಸ್ಸೊಂದು ಹಾರನ್ ಹೊಡೆದು ಹೋಯಿತು. ಏನಾದರೂ ಮಾತಾಡಬೇಕಲ್ಲ ಎಂದು, ರೂಢಿಯಂತೆ ಕೇಳಿದ: "ಉಂಡ್ರಾ ಮೇಡಂ?"

"ಇಲ್ಲ," ಎಂದಳು ಅನುಸೂಯ. "ಒಬ್ಬಳೇ ಉಂಡು ಸಾಕಾಗೈತೆ. ಕಾಯಿ ಒಡೆಸ್ಕಂಡು ಬರ್ರಿ, ಕಾಯ್ತೀನಿ."

ಪಂಪು ಗಾಜಿನ ಮೇಲೆಯೇ ಇತ್ತು. ಕಾಟಲಿಂಗಪ್ಪ ಉಸಿರು ಹಿಡಿದು ನಿಂತಿದ್ದ. ಅವಳೂ ಹಿಡಿದಿದ್ದಳು. ಈ ಸಲ ಇಬ್ಬರೂ ನಗಲಿಲ್ಲ.