ನಿಂಗಮ್ಮನ ಬಾವಿಯ ಫೋರ್ಕ್

"ತಾತಾ, ಅಲ್ಲಾಡ್ಬೇಡ! ಕಡ್ಡಿ ಜಾರ್ತದೆ."

"ನಾನೆಲ್ಲೇ ಅಲ್ಲಾಡ್ತಿದೀನಿ? ನಿನ್ನ ಚಿಕ್ಕಪ್ಪನ ಬೈಕೇ ಅಲ್ಲಾಡ್ತೈತೆ. ಸ್ಟ್ಯಾಂಡ್ ಇಲ್ಲ, ಲೈಟ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಇದೂ ಒಂದು ಬೈಕಾ?"

ತಾತ ದೊಡ್ಡರಂಗಯ್ಯ ಹಳೇ ಜಾವಾ ಬೈಕಿನ ಮೇಲೆ ಕೂತು, ಅದು ಬೀಳದಂತೆ ಎರಡೂ ಕಾಲನ್ನು ನೆಲಕ್ಕೆ ಊರಿದ್ದರು. ಭದ್ರಿ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ತೆಂಗಿನ ಗರಿಯ ಕಡ್ಡಿಯನ್ನು ಫೋರ್ಕಿನ ಉದ್ದಕ್ಕೆ ಹಿಡಿದಳು. ಫೋರ್ಕ್ ಮುಗಿಯುವ ಕಡೆ ಉಗುರು ಒತ್ತಿ ಕಡ್ಡಿಯನ್ನು ಲಟ್ಟನೆ ಮುರಿದಳು.

ಗುಬ್ಬಿಯ ಆ ಮನೆಯಲ್ಲಿ ಎಲ್ಲದಕ್ಕೂ ತೆಂಗಿನ ಕಡ್ಡಿಯೇ ಅಳತೆ. ಚಪ್ಪಲಿ ಕೊಳ್ಳಲು ಮಕ್ಕಳು ಸಂತೆಗೆ ಹೋಗುತ್ತಿರಲಿಲ್ಲ. ಅವರ ಪಾದದಷ್ಟು ಉದ್ದದ ಕಡ್ಡಿ ತಾತನ ಜೇಬಿನಲ್ಲಿ ಹೋಗುತ್ತಿತ್ತು.

ಈಗ ಬೈಕಿನ ಸರದಿ. ಚಿಕ್ಕಪ್ಪ ಕದರಯ್ಯನಿಗೆ ಮಣ್ಣಿನ ದಾರಿಯ ರೇಸ್ ಎಂದರೆ ಪ್ರಾಣ. ಒಣಗಿದ ಕೆರೆ ಅಂಗಳದಲ್ಲಿ ಪ್ರಾಕ್ಟೀಸ್ ಮಾಡಲು ಹೋಗಿ ಬೈಕನ್ನು ಗುಂಡಿಗೆ ಇಳಿಸಿದ್ದ. ಚಿಕ್ಕಪ್ಪನ ಮೊಣಕೈ ತರಚಿತ್ತು, ಅಷ್ಟೇ. ಆದರೆ ಮುಂದಿನ ಚಕ್ರವನ್ನು ಎರಡು ಕಡೆಯಿಂದ ಹಿಡಿದುಕೊಳ್ಳುವ ಜೋಡಿ ಕೊಳವೆ, ಅದೇ ಫೋರ್ಕ್, ಅದರ ಬಲಗಾಲು ಬಾಗಿಹೋಗಿತ್ತು. ಭದ್ರಿ ಅಳೆದದ್ದು ನೆಟ್ಟಗಿದ್ದ ಎಡಗಾಲನ್ನು.

"ಯುಗಾದಿಯೊಳಗೆ ಇದು ಓಡ್ದಿದ್ರೆ ಗುಜರಿಗೆ ಹಾಕ್ಬುಡ್ತೀನಿ," ಎಂದು ತಾತ ಹೇಳಿಬಿಟ್ಟಿದ್ದರು.

ಅಂದಿನಿಂದ ಬೀದಿಯಲ್ಲಿ ಗುಜರಿ ಗಾಡಿಯ ಗಂಟೆ ಕೇಳಿದರೆ ಸಾಕು, ಭದ್ರಿ ಓಡಿಬಂದು ಬೈಕಿನ ಮುಂದೆ ನಿಲ್ಲುತ್ತಿದ್ದಳು. ಕೆರೆ ಏರಿಯ ಮೇಲೆ ಚಿಕ್ಕಪ್ಪನ ಸೊಂಟ ಹಿಡಿದು ಬೈಕಿನಲ್ಲಿ ಹೋಗುವಾಗ ಹೊಟ್ಟೆಯೊಳಗೆ ಕಚಗುಳಿ ಇಟ್ಟಂತಾಗುತ್ತಿತ್ತು. ಅದು ಇನ್ನು ಇಲ್ಲವೇ?

ಚಿಕ್ಕಪ್ಪ ತುಮಕೂರಿನ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಡ್ಯೂಟಿ ಮುಗಿಸಿ, ಕಡ್ಡಿ ಹಿಡಿದು ತುಮಕೂರಿನ ಅಂಗಡಿಗಳನ್ನೆಲ್ಲ ಸುತ್ತಿದ. ಎಲ್ಲರದೂ ಒಂದೇ ಮಾತು: "ಇಷ್ಟು ಹಳೇದು ಈಗೆಲ್ಲಿ ಸಿಗ್ತದೆ?" ಕೊನೆಗೆ ಗುಜರಿ ಅಂಗಡಿಯ ಚನ್ನವೀರಯ್ಯ ಒಂದು ಸುದ್ದಿ ಕೊಟ್ಟರು.

"ಇಂಥದ್ದೇ ಒಂದು ಫೋರ್ಕ್ ಇತ್ತಂತೆ ಕಣೇ. ನಿಟ್ಟೂರಿನ ನಿಂಗಮ್ಮ ಅನ್ನೋ ಅಜ್ಜಿ ತಗೊಂಡೋದ್ರಂತೆ," ಎಂದ ಚಿಕ್ಕಪ್ಪ.

"ಅಜ್ಜಿಗ್ಯಾಕೆ ಫೋರ್ಕು? ಅಜ್ಜಿ ಬೈಕ್ ಓಡಿಸ್ತಾರಾ?"

"ನಂಗೂ ಅದೇ ಆಶ್ಚರ್ಯ. ನಾಳೆ ಭಾನುವಾರ, ಬರ್ತೀಯಾ? ನೋಡ್ಕೊಂಡ್ ಬರೋಣ."

ರೈಲಿನ ಕಿಟಕಿಯ ಪಕ್ಕ ಕೂತ ಭದ್ರಿಗೆ ದಾರಿಯುದ್ದಕ್ಕೂ ಅದೇ ಯೋಚನೆ. ಸೀರೆ ಕಚ್ಚೆ ಹಾಕಿ ಬೈಕಿನ ಕಿಕ್ ಹೊಡೆಯುವ ಅಜ್ಜಿ ಕಣ್ಣ ಮುಂದೆ ಬಂದು, ನಗು ತಡೆಯಲಾಗಲಿಲ್ಲ.

ನಿಂಗಮ್ಮನ ಹಿತ್ತಲಿನಲ್ಲಿ ಬೈಕ್ ಇರಲಿಲ್ಲ. ಒಂದು ಸೇದೋ ಬಾವಿ ಇತ್ತು. ಬಾವಿಯ ಮೇಲಿನ ತೊಲೆಯಿಂದ ಫೋರ್ಕ್ ತೂಗಾಡುತ್ತಿತ್ತು! ಅದರ ಎರಡು ಕಾಲುಗಳ ನಡುವೆ, ಚಕ್ರವಿರಬೇಕಾದ ಜಾಗದಲ್ಲಿ, ಹಗ್ಗ ಹಾಕಿದ ರಾಟೆ.

"ಯಾರೂ ಹೇಳ್ಕೊಟ್ಟಿದ್ದಲ್ಲ ಮಗ," ಎಂದರು ನಿಂಗಮ್ಮ, ಹೆಮ್ಮೆಯಿಂದ. "ಗುಜರಿ ಮುಂದೆ ಕಾಲು ಚಾಚ್ಕೊಂಡು ಬಿದ್ದಿತ್ತು. ಇದ್ರ ಮಧ್ಯೆ ಚಕ್ರ ಕೂರೋದಾದ್ರೆ ರಾಟೆ ಯಾಕೆ ಕೂರಲ್ಲ ಅಂದೆ. ಕೂತ್ಕಂತು!"

ಚಿಕ್ಕಪ್ಪ ಆತುರದಿಂದ ಬಾವಿಕಟ್ಟೆ ಹತ್ತಿ ಕಡ್ಡಿ ಹಿಡಿದ. ಹಿಡಿದವನ ಮುಖ ಸಪ್ಪಗಾಯಿತು. ಫೋರ್ಕ್ ಕಡ್ಡಿಗಿಂತ ನಾಲ್ಕು ಬೆರಳು ಉದ್ದ.

"ಬೇರೆ ಮಾಡೆಲ್ಲು ಕಣೇ ಭದ್ರಿ. ನಮ್ಮದಕ್ಕೆ ಕೂರಲ್ಲ."

ಭದ್ರಿಯ ಕಿವಿಯಲ್ಲಿ ಗುಜರಿ ಗಾಡಿಯ ಗಂಟೆ.

"ದೂರದಿಂದ ಬಂದಿದೀರ, ಮಜ್ಜಿಗೆ ಕುಡ್ಕೊಂಡು ಹೋಗಿ. ಒಂದು ಬಿಂದಿಗೆ ನೀರು ಸೇದವ್ವ," ಎಂದರು ನಿಂಗಮ್ಮ.

ಭದ್ರಿ ಹಗ್ಗ ಎಳೆದಳು. ತುಂಬಿದ ಬಿಂದಿಗೆ ಮೇಲೆ ಬಂತು. ಅದನ್ನು ಕಟ್ಟೆಯ ಮೇಲೆ ಇಟ್ಟು ಹಗ್ಗ ಸಡಿಲ ಬಿಟ್ಟದ್ದೇ ತಡ, ಫೋರ್ಕಿನ ಹೊಳೆಯುವ ಕೊಳವೆ ಅದರ ದಪ್ಪ ಕೊಳವೆಯ ಒಳಕ್ಕೆ ಚೂರೇ ಚೂರು ಸರಿಯಿತು.

ಭದ್ರಿ ಕಣ್ಣರಳಿಸಿದಳು. ಬಿಂದಿಗೆಯನ್ನು ಮತ್ತೆ ತೂಗಿಬಿಟ್ಟಳು. ಕೊಳವೆ ಹೊರಗೆ. ಕಟ್ಟೆಗಿಟ್ಟಳು. ಒಳಗೆ.

"ಆಟ ಆಡ್ಬೇಡ್ವೇ, ನೀರು ಚೆಲ್ತದೆ," ಎಂದ ಚಿಕ್ಕಪ್ಪ.

"ಚಿಕ್ಕಪ್ಪ, ಇದು ಎಳೆದ್ರೆ ಉದ್ದ ಆಗ್ತದೆ. ಹಂಗಾದ್ರೆ ಮೇಲಿಂದ ಒತ್ತಿದ್ರೆ ಗಿಡ್ಡ ಆಗ್ತದಲ್ವಾ?"

"ಹೂಂ, ಒಳಗೆ ಸ್ಪ್ರಿಂಗ್ ಐತೆ."

"ನಾನು ಅಳೆಯೋವಾಗ ತಾತ ಬೈಕ್ ಮೇಲೆ ಕೂತಿದ್ರು!"

ಚಿಕ್ಕಪ್ಪ ಬಾಯಿ ಬಿಟ್ಟುಕೊಂಡು ನೋಡಿದ. "ಅಯ್ಯೋ ನಿನ್ನ! ನೀನು ಫೋರ್ಕ್ ಅಳೆದಿಲ್ಲ ಕಣೇ, ತಾತನ ತೂಕ ಅಳೆದಿದೀಯ!"

ಅವನು ರಾಟೆಯ ಕೆಳಗೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ಮೇಲಕ್ಕೆ ನೂಕಿದ. ಭದ್ರಿ ಕಡ್ಡಿ ಹಿಡಿದಳು. ಮೂರು ಬೆರಳು... ಎರಡು... ಕಡ್ಡಿಯ ತುದಿಗೆ ಫೋರ್ಕಿನ ತುದಿ ಸರಿಯಾಗಿ ಬಂದು ನಿಂತಿತು.

"ಇದೇ ಕಣೇ! ಇದೇ!"

ಭದ್ರಿ ಚಪ್ಪಾಳೆ ತಟ್ಟಲು ಹೋದವಳು ನಿಂಗಮ್ಮನ ಮುಖ ನೋಡಿ ಕೈ ಇಳಿಸಿದಳು. ಅಜ್ಜಿ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ನೀವು ಇದನ್ನ ಬಿಚ್ಕೊಂಡೋದ್ರೆ ನಾನು ನೀರು ಹೆಂಗಪ್ಪ ಸೇದ್ಲಿ?"

ಚಿಕ್ಕಪ್ಪ ರಾಟೆಯಿಂದ ಕೈ ತೆಗೆದ. ಭದ್ರಿ ರಾಟೆಯನ್ನೇ ನೋಡುತ್ತ ನಿಂತಳು. ಬಾವಿಯ ಮೇಲೆ ತೂಗುವ ಫೋರ್ಕ್ ಎಲ್ಲಿಗೂ ಓಡಬೇಕಾಗಿಲ್ಲ.

"ಅಜ್ಜಿ, ಸೊಟ್ಟಗಿದ್ರೆ ನಡೀತದಾ?"

"ಏನು ಸೊಟ್ಟ?"

"ನಮ್ಮ ಫೋರ್ಕು. ಒಂದು ಕಾಲು ಬಾಗೈತೆ. ಬೈಕಿಗೆ ಆಗಲ್ಲ. ಬಿಂದಿಗೆಗೆ ಆಗ್ತದೇನೋ?"

ನಿಂಗಮ್ಮ ಜೋರಾಗಿ ನಕ್ಕರು. "ನಂದೂ ಒಂದು ಕಾಲು ಸೊಟ್ಟನೇ ಕಣವ್ವ, ನಾನು ನಡೀತಿಲ್ವಾ? ತನ್ನಿ. ಆದ್ರೆ ಒಂದು ಮಾತು. ಮೊದ್ಲು ಅದನ್ನ ಕಟ್ಟಿ, ನಾನು ಒಂದು ಬಿಂದಿಗೆ ಸೇದ್ಬೇಕು. ಆಮೇಲೆ ಇದನ್ನ ಕೊಡ್ತೀನಿ."

ಮುಂದಿನ ಭಾನುವಾರ ಹಾಗೇ ಆಯಿತು. ರಾಟೆ ಕೊಂಚ ಓರೆಯಾಗಿ ಕೂತು, ತಿರುಗುವಾಗ ಕಿಕ್ ಕಿಕ್ ಎಂದಿತು. "ಮಾತಾಡ್ತದೆ ಬುಡು. ಒಬ್ಳೇ ಇರ್ತೀನಲ್ಲ," ಎಂದರು ನಿಂಗಮ್ಮ.

ಯುಗಾದಿಗೆ ಮುಂಚಿನ ಸಂತೆಯ ದಿನ ಭದ್ರಿ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಅಂಗಳದಲ್ಲಿ ಚಿಕ್ಕಪ್ಪ ನಿಂಗಮ್ಮನ ಫೋರ್ಕ್ ಕೂರಿಸಿದ ಬೈಕ್ ಹತ್ತಿದ. ಬೈಕಿನ ಮೂತಿ ಒಮ್ಮೆ ತಗ್ಗಿ ಎದ್ದಿತು. ಭದ್ರಿ ಅದನ್ನೇ ನೋಡಿದಳು.

ತಾತ ಹೊಸ ಕಡ್ಡಿ ಹಿಡಿದು ಬಂದರು. "ಕಾಲು ಚಾಚೇ, ಚಪ್ಪಲಿ ಅಳತೆ ತಗೋತೀನಿ."

ಭದ್ರಿ ಕಾಲು ಚಾಚಲಿಲ್ಲ. ಜಗಲಿಯಿಂದ ಇಳಿದು, ಪಾದವನ್ನು ನೆಲಕ್ಕೆ ಪೂರ್ತಿ ಊರಿ, ನೆಟ್ಟಗೆ ನಿಂತಳು.

"ಯಾಕೇ ಎದ್ದೆ?"

"ಹಾಕ್ಕೊಂಡು ನಡೆಯೋವಾಗ ನಾನು ಅದ್ರ ಮೇಲೆ ನಿಂತಿರ್ತೀನಲ್ವಾ ತಾತ?"

ತಾತ ಅವಳನ್ನೊಮ್ಮೆ, ಬೈಕನ್ನೊಮ್ಮೆ ನೋಡಿದರು. ಆಮೇಲೆ ಬಗ್ಗಿ, ಭಾರಕ್ಕೆ ಹರಡಿದ ಅವಳ ಪಾದಕ್ಕೆ ಕಡ್ಡಿ ಹಿಡಿದು, ಹಳೇ ಅಳತೆಗೆ ಒತ್ತಿದ್ದ ಉಗುರನ್ನು ಒಂಚೂರು ಮುಂದಕ್ಕೆ ಸರಿಸಿದರು.